ಸಭೆ ಹಾಡುತ್ತದೆಯೋ, ಸಭೆ ಕೇಳುತ್ತದೆಯೋ?

2005ರ ಡಿಸೆಂಬರ್ 31ರ ರಾತ್ರಿ ಅಮೆರಿಕದ ಟೆನೆಸಿ ರಾಜ್ಯದ ಮರ್ಫ್ರೀಸ್‌ಬರೋ ಪಟ್ಟಣದಲ್ಲಿ ಪೆಟ್ರಾ ಎಂಬ ಕ್ರೈಸ್ತ ರಾಕ್ ತಂಡ ತನ್ನ ಕೊನೆಯ ಕಛೇರಿ ಕೊಟ್ಟಿತು. ಮುಗಿಯುವಷ್ಟರಲ್ಲಿ ಹೊಸ ವರ್ಷ ಬಂದಿತ್ತು. 1972ರಲ್ಲಿ ಬಾಬ್ ಹಾರ್ಟ್‌ಮನ್ ಮತ್ತು ಗೆಳೆಯರು ಕಟ್ಟಿದ ಈ ತಂಡ 33 ವರ್ಷ ಊರೂರು ತಿರುಗಿ ಹಾಡಿತ್ತು. 2009ರ ನವೆಂಬರ್ 29ರಂದು ಇಂಗ್ಲೆಂಡಿನ ಡೆಲಿರಿಯಸ್ ತಂಡ ಲಂಡನ್ನಿನಲ್ಲಿ ವಿದಾಯ ಹೇಳಿತು. ಇಲಿನಾಯ್ ರಾಜ್ಯದಲ್ಲಿ 1984ರಿಂದ ನಡೆದುಬಂದಿದ್ದ ಕಾರ್ನರ್‌ಸ್ಟೋನ್ ಎಂಬ ಕ್ರೈಸ್ತ ಸಂಗೀತೋತ್ಸವ 2012ಕ್ಕೆ ನಿಂತಿತು. 2018ರ ಜೂನ್‌ನಲ್ಲಿ ಥರ್ಡ್ ಡೇ ತಂಡ ಕೊಲರಾಡೊದ ರೆಡ್ ರಾಕ್ಸ್ ಬಯಲು ರಂಗಮಂದಿರದಲ್ಲಿ ಕಡೆಯ ಬಾರಿ ಹಾಡಿತು.

ಸಿನಿಮಾ ನಟರು ನಿವೃತ್ತರಾದರೆ, ಕ್ರಿಕೆಟಿಗರು ವಿದಾಯ ಪಂದ್ಯ ಆಡಿದರೆ ನಾವು ಪ್ರಶ್ನೆ ಕೇಳುವುದಿಲ್ಲ. ಆದರೆ ‘ಇದು ದೇವರ ಸೇವೆ’ ಎಂದು ಹಾಡುತ್ತಿದ್ದವರು ಟಿಕೆಟ್ ಇಟ್ಟು ಬೀಳ್ಕೊಡುಗೆ ಕಛೇರಿ ಮಾಡಿದಾಗ ಪ್ರಶ್ನೆ ಏಳುತ್ತದೆ. ಸೇವೆಗೆ ನಿವೃತ್ತಿ ಉಂಟೇ? ಅಷ್ಟು ವರ್ಷ ಅವರು ಮಾಡಿದ್ದು ಆರಾಧನೆಯೋ, ಪ್ರದರ್ಶನವೋ? ತುಮಕೂರಿನ ಸದಾಶಿವನಗರದಲ್ಲಿ ಕೂತು ಇದನ್ನು ಬರೆಯುವಾಗ ನನಗೆ ಇದು ಹೊರದೇಶದ ಮಾತೆನಿಸುವುದಿಲ್ಲ. ನಮ್ಮಂಥ ಜಿಲ್ಲಾ ಕೇಂದ್ರಗಳಲ್ಲಿ ಅಂಗಡಿ ಸಾಲಿನ ಮೇಲಂತಸ್ತಿನ ಪ್ರಾರ್ಥನಾ ಹಾಲ್‌ಗಳಿಗೆ ಭಾನುವಾರ ಬೆಳಿಗ್ಗೆ ಹೋಗಿ ನೋಡಿ. ಕೀಬೋರ್ಡ್ ಮುಂದೆ ಪಿಯುಸಿ ಓದುವ ಹುಡುಗ, ಪಕ್ಕದಲ್ಲಿ ಕಡ್ಡಿ ಹಿಡಿದು ಪ್ಯಾಡ್ ಬಾರಿಸುವ ಅವನ ತಮ್ಮ, ಗೋಡೆಯ ಟಿವಿ ಪರದೆಯ ಮೇಲೆ ಕನ್ನಡದ ಸಾಲುಗಳು, ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಾ ಕಣ್ಣು ಮುಚ್ಚಿ ಹಾಡುವ ಅಜ್ಜಿ. ಅದೇ ಊರಿನ ಹಳೆಯ ದೇವಾಲಯದಲ್ಲಿ ಹಿರಿಯರು ಪುಸ್ತಕ ಹಿಡಿದು ನಾಲ್ಕು ಧ್ವನಿಗಳಲ್ಲಿ ಹಾಡುತ್ತಿರುತ್ತಾರೆ. ಇವರಿಬ್ಬರ ನಡುವಿನ ವಾದಕ್ಕೆ ಇನ್ನೂರು ವರ್ಷಗಳ ಹತ್ತಿರದ ಚರಿತ್ರೆಯಿದೆ, ಮತ್ತು ಅದರ ಒಂದು ತುದಿ ನಮ್ಮ ಗುಬ್ಬಿಯಲ್ಲಿದೆ.

ಗುಬ್ಬಿಯ ತುದಿ

ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಗೆ ಬಂದದ್ದು 1837ರಲ್ಲಿ. ಆಮೇಲೆ ಅಲ್ಲಿಗೆ ಬಂದ ವಿಲಿಯಂ ಆರ್ಥರ್ 1847ರಲ್ಲಿ ಮೈಸೂರು ಸೀಮೆಯ ಮಿಷನ್ ಬಗ್ಗೆ ಪುಸ್ತಕವನ್ನೇ ಬರೆದರು. ಇವರ ಪಂಥ ಹಾಡಿನ ಮೇಲೆ ನಿಂತದ್ದು. ಅದರ ಸ್ಥಾಪಕ ಜಾನ್ ವೆಸ್ಲಿಯ ತಮ್ಮ ಚಾರ್ಲ್ಸ್ ವೆಸ್ಲಿ ಆರು ಸಾವಿರಕ್ಕೂ ಮಿಕ್ಕಿ ಕೀರ್ತನೆಗಳನ್ನು ಬರೆದವರು. ಓದು ಬಾರದ ಕಾರ್ಮಿಕರು ಹಾಡಿನ ಮೂಲಕವೇ ಸಿದ್ಧಾಂತ ಕಲಿಯಲಿ ಎಂಬುದು ಅವರ ಲೆಕ್ಕ. ಆ ಹಾಡುಗಳು ಕನ್ನಡಕ್ಕೆ ಬಂದವು, ಆದರೆ ಇಂಗ್ಲಿಷ್ ಧಾಟಿಯ ಅಳತೆಗೆ ಕನ್ನಡದ ಪದ ಕೂರಿಸಿದಾಗ ದೀರ್ಘ ಹ್ರಸ್ವವಾಗಿ, ಹ್ರಸ್ವ ದೀರ್ಘವಾಗಿ ಕಿವಿಗೆ ಎಡವುತ್ತಿತ್ತು. ಇಂದಿಗೂ ಹಳೆಯ ಕೀರ್ತನೆಗಳಲ್ಲಿ ಆ ಎಡವು ಕೇಳಿಸುತ್ತದೆ.

ಇದನ್ನು ಆ ಕಾಲದಲ್ಲೇ ಕಂಡವರು ಬಾಸೆಲ್ ಮಿಷನ್ನಿನವರು. ಹರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಫರ್ಡಿನಾಂಡ್ ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಈ ನೆಲದ ಛಂದಸ್ಸಿಗೆ ತಂದರು, ಮುಂದೆ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದ್ದೂ ಅವರೇ. ನಿಘಂಟಿನ ಕಿಟೆಲ್ಲರನ್ನು ಎಲ್ಲರೂ ಬಲ್ಲರು. ಹಾಡು ಯಾವ ಧಾಟಿಯಲ್ಲಿರಬೇಕು ಎಂದು ತಲೆ ಕೆಡಿಸಿಕೊಂಡ ಕಿಟೆಲ್ಲರನ್ನು ನೆನೆಯುವವರು ಕಡಿಮೆ.

ಮಿಷನ್ನುಗಳ ಜೊತೆಗೆ ಹರಡಿದ ಇನ್ನೊಂದು ವಸ್ತು ಹಾರ್ಮೋನಿಯಂ. 1842ರಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡರ್ ಡೆಬೇನ್ ಪೇಟೆಂಟ್ ಪಡೆದ ಕಾಲುತಿದಿಯ ವಾದ್ಯ ಕಲ್ಕತ್ತೆಯಲ್ಲಿ ಕೈತಿದಿಯ ಪೆಟ್ಟಿಗೆಯಾಗಿ ಮಾರ್ಪಟ್ಟು, ಭಜನೆ ಮನೆಗೂ ನಾಟಕದ ಕಂಪನಿಗೂ ಬಂತು. 1884ರಲ್ಲಿ ಅದೇ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಹಾರ್ಮೋನಿಯಂ ಇಲ್ಲದೆ ಊಹಿಸಿಕೊಳ್ಳಿ ನೋಡೋಣ. ಆದರೂ 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಪರಕೀಯ ವಾದ್ಯವೆಂದು ಹೊರಗಿಟ್ಟಿತ್ತು. ಪಿಟೀಲು ಅದಕ್ಕೂ ಮೊದಲೇ ಬಂದು ಕರ್ನಾಟಕ ಸಂಗೀತದ ಮನೆಮಗಳಾಗಿ, ಮೈಸೂರಿನ ಟಿ. ಚೌಡಯ್ಯನವರ ಕೈಯಲ್ಲಿ ಏಳು ತಂತಿ ಪಡೆದದ್ದನ್ನೂ ಇಲ್ಲಿ ನೆನೆಯಬೇಕು. ವಾದ್ಯ ಹೊರಗಿನದು ಎಂಬ ಒಂದೇ ಕಾರಣಕ್ಕೆ ಗಿಟಾರ್ ಬೇಡವೆನ್ನುವವರ ವಾದ ನನ್ನ ಮಟ್ಟಿಗೆ ಇಲ್ಲಿಗೇ ಮುಗಿಯುತ್ತದೆ.

ಗಿಟಾರ್ ಒಳಗೆ ಬಂದ ದಾರಿ

ಬೀದಿಯ ಸಂಗೀತವನ್ನು ಪ್ರಾರ್ಥನೆಗೆ ತರುವುದು ರಾಕ್‌ನಿಂದ ಶುರುವಾದದ್ದಲ್ಲ. ಸಾಲ್ವೇಷನ್ ಆರ್ಮಿ 1878ರಲ್ಲೇ ಇಂಗ್ಲೆಂಡಿನ ಬೀದಿಗಳಲ್ಲಿ ಹಿತ್ತಾಳೆ ವಾದ್ಯ ಊದಿಸಿತ್ತು. 1882ರಲ್ಲಿ ಅದರ ಫ್ರೆಡರಿಕ್ ಟಕರ್ ಮುಂಬಯಿಗೆ ಬಂದಿಳಿದು ದೇಸಿ ಉಡುಪು ತೊಟ್ಟರು. ರಾಕ್ ಬಂದದ್ದು 1969ರಲ್ಲಿ, ಲ್ಯಾರಿ ನಾರ್ಮನ್‌ರ ‘ಅಪಾನ್ ದಿಸ್ ರಾಕ್’ ಧ್ವನಿಮುದ್ರಿಕೆಯೊಂದಿಗೆ. ಮರುವರ್ಷ ಕೆಂಟಕಿಯಲ್ಲಿ ಇಕ್ತಸ್ ಉತ್ಸವ. 1972ರಲ್ಲಿ ಡಲ್ಲಾಸ್‌ನ ಎಕ್ಸ್‌ಪ್ಲೋ ಸಮಾವೇಶದಲ್ಲಿ ಬಿಲ್ಲಿ ಗ್ರಹಾಂ ಅವರಂಥ ಹಿರಿಯ ಬೋಧಕರೇ ಗಿಟಾರಿನವರ ಜೊತೆ ನಿಂತರು. 1974ರಲ್ಲಿ ಇಂಗ್ಲೆಂಡಿನಲ್ಲಿ ಗ್ರೀನ್‌ಬೆಲ್ಟ್ ಉತ್ಸವ ಶುರುವಾಯಿತು. 80ರ ದಶಕಕ್ಕೆ ಸ್ಟ್ರೈಪರ್ ಎಂಬ ಹೆವಿಮೆಟಲ್ ತಂಡ ಹಳದಿ-ಕಪ್ಪು ಪಟ್ಟೆ ಬಟ್ಟೆ ತೊಟ್ಟು ವೇದಿಕೆಯಿಂದ ಜನರತ್ತ ಬೈಬಲ್ ಎಸೆಯುವವರೆಗೆ ಇದು ಬೆಳೆಯಿತು.

ಕಥೋಲಿಕರ ದಾರಿ ಬೇರೆ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಲ್ಯಾಟಿನ್ ಜೊತೆಗೆ ಜನರ ಭಾಷೆಗೂ ಬಾಗಿಲು ತೆರೆದ ಮೇಲೆ ಪೂಜೆ ಕನ್ನಡಕ್ಕೆ ಬಂತು, ಹಾಡೂ ಬಂತು. ನೆರೆಯ ಕೇರಳದಲ್ಲಿ ಜೀಸಸ್ ಯೂತ್ ಚಳವಳಿಯಿಂದ ಹುಟ್ಟಿದ ರೆಕ್ಸ್‌ಬ್ಯಾಂಡ್ ವಿಶ್ವ ಯುವಜನ ದಿನದ ವೇದಿಕೆಗಳವರೆಗೆ ಹೋಯಿತು. ಬೆಂಗಳೂರಿನ ಅರಮನೆ ಮೈದಾನವಂತೂ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳನ್ನು ಕಂಡಿತು. ಎಪ್ಪತ್ತು ಕಿಲೋಮೀಟರ್ ದೂರದ ತುಮಕೂರಿನ ಹುಡುಗನಿಗೆ ರಾಕ್ ಕಛೇರಿ ಎಂದರೇನೆಂದು ಬೇರೆ ಹೇಳಿಕೊಡಬೇಕಿರಲಿಲ್ಲ.

ಬೇಡವೆನ್ನುವವರು

ಮೊದಲ ಪಂಥದ ಮಾತು ಸರಳ: ಪದ ಪವಿತ್ರವಾದರೂ ತಾಳ ಲೌಕಿಕವಾದರೆ ಮನಸ್ಸು ತಾಳದ ಹಿಂದೆ ಹೋಗುತ್ತದೆ. ಅಮೆರಿಕದಲ್ಲಿ ಬಾಬ್ ಲಾರ್ಸನ್ 1967ರಲ್ಲಿ, ಜಿಮ್ಮಿ ಸ್ವಾಗರ್ಟ್ 1987ರಲ್ಲಿ ಈ ಬಗ್ಗೆ ಪುಸ್ತಕಗಳನ್ನೇ ಬರೆದರು. ನಮ್ಮಲ್ಲಿ ಪುಸ್ತಕ ಬರೆಯದಿದ್ದರೂ ಸಭೆಯ ಹಿರಿಯರ ಬಾಯಲ್ಲಿ ಇದೇ ಮಾತು. ಇವರನ್ನು ಹಳೆಗಾಲದವರೆಂದು ತಳ್ಳಿಹಾಕುವುದು ತಪ್ಪು. ಸದ್ದು ಮನುಷ್ಯನನ್ನು ಏನು ಮಾಡುತ್ತದೆ ಎಂಬುದನ್ನು ಇವರು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಸಾವಿರಾರು ಜನ ಒಟ್ಟಿಗೆ ಕುಣಿದಾಗ ಆಗುವ ಪುಳಕವನ್ನೇ ದೈವಾನುಭವ ಎಂದುಕೊಳ್ಳುವ ಅಪಾಯ ನಿಜವಾದದ್ದು.

ಈ ವಾದಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಮುಖವೂ ಇದೆ. ಮದರಾಸಿನ ಪೆಂಟೆಕೋಸ್ಟಲ್ ಸಭೆಯೊಂದು ಡ್ರಮ್ ಸೆಟ್, ಗಿಟಾರ್, ಧ್ವನಿವರ್ಧಕ ಬಳಸಿ ಪ್ರಾರ್ಥನೆ ಮಾಡುತ್ತಿದ್ದುದಕ್ಕೆ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ ದೂರು ಕೊಟ್ಟಿತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿ, 2000ದ ಆಗಸ್ಟ್ 30ರಂದು ತೀರ್ಪು ಬಂತು: ಅಕ್ಕಪಕ್ಕದವರ ನೆಮ್ಮದಿ ಕೆಡಿಸಿ ಡೋಲು ಬಾರಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ. ಅದೇ ವರ್ಷದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಈ ನಿಯಮ ಎಲ್ಲ ಧರ್ಮದವರಿಗೂ ಒಂದೇ. ಪಾಲನೆ ಮಾತ್ರ ಎಲ್ಲ ಕಡೆ ಒಂದೇ ತೆರನಾಗಿಲ್ಲ, ಸಣ್ಣ ಸಭೆಗಳ ಮೇಲೆ ಬೇಗ ದೂರು ಬೀಳುತ್ತದೆ ಎಂಬ ನೋವು ಆ ಸಭೆಗಳಲ್ಲಿದೆ. ಆ ನೋವನ್ನು ಕಿವಿಗೊಟ್ಟು ಕೇಳಬೇಕು.

ಈ ನೆಲದ ಧಾಟಿ ಬೇಕೆನ್ನುವವರು

ಎರಡನೇ ಪಂಥಕ್ಕೆ ರಾಕ್ ಪಾಪವಲ್ಲ, ಪರದೇಶಿ. ಇದರ ದೊಡ್ಡ ಹೆಸರು ಫಾದರ್ ಡಿ.ಎಸ್. ಅಮಲೋರ್‌ಪವದಾಸ್. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ಎನ್‌ಬಿಸಿಎಲ್‌ಸಿ ಎಂಬ ಕಥೋಲಿಕ ಕೇಂದ್ರದ ಮೂಲಕ ಅವರು ನೆಲದ ಮೇಲೆ ಕೂರುವುದು, ಕೈ ಮುಗಿಯುವುದು, ಆರತಿ, ಎಣ್ಣೆ ದೀಪ, ಭಜನೆಗಳನ್ನು ಪೂಜೆಗೆ ತಂದರು. 1969ರಲ್ಲಿ ರೋಮ್ ಇಂಥ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದರು. ಇದು ಕ್ರೈಸ್ತಧರ್ಮವನ್ನು ಹಿಂದೂ ಮಾಡುವ ಕೆಲಸ ಎಂದು ಸ್ವಂತದವರೇ ಕೂಗಾಡಿದ್ದೂ ಉಂಟು.

ಮಂಗಳೂರಿನ ಕೊಂಕಣಿಗರಲ್ಲಿ ಇದೇ ಹುಡುಕಾಟ ದೇವಾಲಯದ ಹೊರಗೆ ನಡೆಯಿತು. ಗಿಟಾರ್, ಟ್ರಂಪೆಟ್‌ಗಳ ಕೊಂಕಣಿ ಹಾಡಿಗೆ ವಿಲ್ಫಿ ರೆಬಿಂಬಸ್ ಮನೆಮಾತಾಗಿದ್ದರು. ‘ವಿಲ್ಫಿ ನೈಟ್’ ಎಂದರೆ ಜನ ಸಾಗರ. 1986ರಲ್ಲಿ ಎರಿಕ್ ಒಜಾರಿಯೊ ಕಟ್ಟಿದ ಮಾಂಡ್ ಸೊಭಾಣ್ ಆ ಪಾಶ್ಚಾತ್ಯ ಧಾಟಿಯನ್ನು ಬಿಟ್ಟು ಕೊಂಕಣಿಯ ಜನಪದ ಬೇರಿನಿಂದ ಹಾಡು ಕಟ್ಟಹೊರಟಿತು. 2008ರ ಜನವರಿಯಲ್ಲಿ 40 ಗಂಟೆ ನಿರಂತರ ಹಾಡಿ ಗಿನ್ನೆಸ್ ದಾಖಲೆ ಮಾಡಿದ್ದು ಸುದ್ದಿಯಾಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ಸಂಸ್ಥೆಯ, ಶಕ್ತಿನಗರದ ಕಲಾಂಗಣದ ತಿಂಗಳ ವೇದಿಕೆ: 2002ರ ಜನವರಿಯಲ್ಲಿ ಶುರುವಾಗಿ, ಪ್ರತಿ ತಿಂಗಳ ಮೊದಲ ಭಾನುವಾರ ತಪ್ಪದೆ ನಡೆದು, 2018ರ ಆಗಸ್ಟ್‌ಗೆ ಇನ್ನೂರು ಮುಟ್ಟಿತು.

ಆದರೆ ಯಾವುದು ಈ ನೆಲದ ಧಾಟಿ? ಇಲ್ಲಿ ಮೂರನೆಯ ಪಂಥ ಎದ್ದು ನಿಲ್ಲುತ್ತದೆ, ಅದರ ಮಾತು ನನಗೆ ಬಹಳ ಮುಖ್ಯ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರದ ಮಾತು ಬಲ ಪಡೆಯಿತು. ಆರತಿ, ಸಂಸ್ಕೃತ ಶ್ಲೋಕ, ಶಾಸ್ತ್ರೀಯ ರಾಗ ಇವಷ್ಟೇ ಭಾರತೀಯವೇ ಎಂದು ದಲಿತ ಚಿಂತಕರು ಕೇಳಿದರು. ಯಾವ ಗುಡಿಯ ಹೊಸ್ತಿಲು ದಾಟಲು ನಮ್ಮ ಹಿರಿಯರಿಗೆ ಬಿಡಲಿಲ್ಲವೋ ಆ ಗುಡಿಯ ಸಂಗೀತವನ್ನೇ ಮತ್ತೆ ನಮ್ಮ ಮೇಲೆ ಹೇರುತ್ತೀರಾ? ಮಧುರೆಯ ಥಿಯೋಫಿಲಸ್ ಅಪ್ಪಾವು ಜನಪದ ಧಾಟಿ, ಪರೈ ತಮಟೆಗಳನ್ನು ಆರಾಧನೆಗೆ ತಂದರು. ನಮ್ಮ ತುಮಕೂರು ಸೀಮೆಯಲ್ಲಿ ತಮಟೆ, ಅರೆವಾದ್ಯಗಳಿಗೆ ಕೊರತೆಯಿಲ್ಲ. ಆದರೂ ಭಾನುವಾರದ ಆರಾಧನೆಗೆ ತಮಟೆ ಬರುವುದು ಅಪರೂಪ. ಬಂದರೆ ಕ್ರಿಸ್‌ಮಸ್ ಸಮಯದ ಮೆರವಣಿಗೆಗೆ, ಬೀದಿಯವರೆಗೆ ಮಾತ್ರ. ತಮಟೆಗೆ ಅಂಟಿಸಿದ ಅವಮಾನ ಇನ್ನೂ ಪೂರ್ತಿ ಕಳೆದಿಲ್ಲ. ಹೀಗಿರುವಾಗ ಬಡ ಕೇರಿಯ ಹುಡುಗನೊಬ್ಬ ಗಿಟಾರ್ ಎತ್ತಿಕೊಂಡರೆ ಅದು ಪಾಶ್ಚಾತ್ಯ ಮೋಹ ಎಂದು ತೀರ್ಪು ಕೊಡುವ ಮುಂಚೆ ಯೋಚಿಸಬೇಕು. ಗಿಟಾರಿಗೆ ಜಾತಿಯಿಲ್ಲ. ಅದನ್ನು ಹಿಡಿದವನನ್ನು ನೋಡಿ ಯಾರೂ ಇವನು ಯಾವ ಕೇರಿಯವನು ಎಂದು ಗುರುತು ಹಿಡಿಯಲಾರರು. ದೇಸಿ ಪಂಥದವರು ಈ ಬಿಡುಗಡೆಯ ಬೆಲೆಯನ್ನು ಸರಿಯಾಗಿ ಎಣಿಸಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಇದು ಕ್ರೈಸ್ತರ ಮನೆಯ ಜಗಳ ಮಾತ್ರವೂ ಅಲ್ಲ. ಶಿಶುನಾಳ ಶರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಹಾಡಿದಾಗ ಸುಗಮ ಸಂಗೀತ ಪದದ ಗಾಂಭೀರ್ಯ ಕಳೆಯಿತು ಎಂದವರಿದ್ದರು. 2008ರಲ್ಲಿ ರಘು ದೀಕ್ಷಿತ್ ಅದೇ ಶರೀಫರನ್ನು ಗಿಟಾರ್, ಡ್ರಮ್ಸ್ ಜೊತೆ ಮುದ್ರಿಸಿದಾಗ ಅದೇ ಆಕ್ಷೇಪ ಮರಳಿತು. ಹುಡುಗರಂತೂ ಶರೀಫರನ್ನು ಬಾಯಿಪಾಠ ಮಾಡಿಕೊಂಡರು.

ಟಿಕೆಟ್ಟೋ, ಹರಕೆಯೋ

ಮುಂದಿನದು ದುಡ್ಡಿನ ಪ್ರಶ್ನೆ. ಅಮೆರಿಕದ ಕೀತ್ ಗ್ರೀನ್ ದೇವರ ಹಾಡಿಗೆ ಬೆಲೆ ಕಟ್ಟುವುದು ಸಲ್ಲದೆಂದು ಕಛೇರಿಗೆ ಟಿಕೆಟ್ ಇಡುವುದನ್ನೇ ಬಿಟ್ಟರು. 1980ರ ಧ್ವನಿಮುದ್ರಿಕೆಯನ್ನು ಕೊಟ್ಟಷ್ಟು ಪಡೆದು ಹಂಚಿದರು. ಎರಡೇ ವರ್ಷಕ್ಕೆ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಉಳಿದ ಉದ್ಯಮ ಇನ್ನೊಂದು ದಾರಿ ಹಿಡಿಯಿತು. 1992ರಲ್ಲಿ ಸ್ಪ್ಯಾರೊ ಎಂಬ ಕ್ರೈಸ್ತ ಧ್ವನಿಮುದ್ರಣ ಸಂಸ್ಥೆಯನ್ನು ಇಎಂಐ ಕೊಂಡುಕೊಂಡಿತು. ವೇದಿಕೆ, ಬೆಳಕು, ವಿಮೆ, ಬಸ್ಸು, ಸಿಬ್ಬಂದಿ ಎಲ್ಲಕ್ಕೂ ಹಣ ಬೇಕು. ಜನ ಕಡಿಮೆಯಾದರೆ ಉತ್ಸವ ನಿಲ್ಲುತ್ತದೆ. ಕಾರ್ನರ್‌ಸ್ಟೋನ್ ಕತೆ ಅದೇ.

ಇದಕ್ಕೆ ಉತ್ತರ ಹುಡುಕಲು ಕರಾವಳಿಯ ಯಕ್ಷಗಾನ ಮೇಳಗಳನ್ನು ನೋಡಬೇಕು. ಧಾರ್ಮಿಕ ಸೇವೆಯೂ ರಾತ್ರಿಯ ಪ್ರದರ್ಶನವೂ ಒಂದೇ ಆಗಿರುವ ಕಲೆ ಅದು. ಕಟೀಲು ಮೇಳದ ಆಟ ಹರಕೆಯ ಆಟ. ಹರಕೆ ಹೊತ್ತವರು ಖರ್ಚು ಕೊಡುತ್ತಾರೆ, ಊರಿಗೆ ಊರೇ ಬಂದು ಪುಕ್ಕಟೆ ನೋಡುತ್ತದೆ, ಸರದಿಗೆ ವರ್ಷಗಟ್ಟಲೆ ಕಾಯುವವರಿದ್ದಾರೆ. ಒಂದು ಕಾಲಕ್ಕೆ ಟಿಕೆಟ್ ಇಟ್ಟು ಡೇರೆ ಹಾಕಿ ಮೆರೆದ ವೃತ್ತಿಪರ ಮೇಳಗಳು ಒಂದೊಂದಾಗಿ ಮುಚ್ಚಿದವು; ಹರಕೆ ಮೇಳಗಳು ಬೆಳೆದವು. ನೋಡುವವನಿಂದ ಕಾಸು ಕೇಳದ ಕಲೆಯೇ ಗಟ್ಟಿಯಾಗಿ ನಿಂತದ್ದು ಮಾರುಕಟ್ಟೆಯ ತರ್ಕಕ್ಕೆ ಉಲ್ಟಾ. ಹಾರೋಬೆಲೆಯಲ್ಲೂ ಹಾಗೇ. ಕನಕಪುರ ತಾಲ್ಲೂಕಿನ ಆ ಊರಿನ ಕ್ರೈಸ್ತರು ನೂರು ವರ್ಷಕ್ಕೂ ಮೇಲ್ಪಟ್ಟು ಶುಭ ಶುಕ್ರವಾರದ ಸಮಯದಲ್ಲಿ ಯೇಸುವಿನ ಯಾತನೆಯ ‘ಮಹಿಮೆ’ ನಾಟಕವನ್ನು ರಾತ್ರಿ ಆಡುತ್ತಾ ಬಂದಿದ್ದಾರೆ. ಪಾತ್ರಧಾರಿಗಳು ಊರಿನವರೇ. ವಯಸ್ಸಾದವರು ಪಾತ್ರ ಬಿಡುತ್ತಾರೆ, ಕಿರಿಯರು ಹಿಡಿಯುತ್ತಾರೆ, ನಾಟಕ ನಿಲ್ಲುವುದಿಲ್ಲ.

ವಿದಾಯ ಏಕೆ?

ತಂಡಗಳು ವಿದಾಯ ಹೇಳುವುದಕ್ಕೆ ಕೊಡುವ ವಿವರಣೆಗಳಲ್ಲಿ ಮೊದಲನೆಯದು ವಯಸ್ಸು, ಮನೆ, ದಣಿವು. ಅದರಲ್ಲಿ ಚರ್ಚಿಸುವಂಥದ್ದಿಲ್ಲ.

ಎರಡನೆಯದು ಹೆಚ್ಚು ಹೇಳುತ್ತದೆ. 90ರ ದಶಕದಿಂದ ಆಸ್ಟ್ರೇಲಿಯಾದ ಹಿಲ್‌ಸಾಂಗ್ ಮೊದಲಾದ ಚರ್ಚ್‌ಗಳ ಆರಾಧನಾ ಗೀತೆಗಳು ಕಛೇರಿಯ ರಾಕ್ ಹಾಡುಗಳ ಜಾಗ ಹಿಡಿದವು. 1988ರಲ್ಲಿ ಶುರುವಾದ ಸಿಸಿಎಲ್‌ಐ ಎಂಬ ಪರವಾನಗಿ ಸಂಸ್ಥೆ ಚರ್ಚ್‌ಗಳಿಂದ ಶುಲ್ಕ ಪಡೆದು, ಸಭೆಗಳು ಯಾವ ಹಾಡು ಹಾಡಿದವು ಎಂಬ ಲೆಕ್ಕದ ಮೇಲೆ ಕವಿಗಳಿಗೆ ಗೌರವಧನ ಹಂಚತೊಡಗಿತು. ಗಳಿಕೆಯ ಮೂಲ ಕಛೇರಿಯ ಟಿಕೆಟ್ಟಿನಿಂದ ಸಭೆಯ ಬಾಯಿಗೆ ಸರಿಯಿತು. ಡೆಲಿರಿಯಸ್ ತಂಡ ಹೋದರೂ ಅದರ 90ರ ದಶಕದ ಹಾಡುಗಳನ್ನು ಎಷ್ಟೋ ದೇಶಗಳ ಸಭೆಗಳು ಇಂದೂ ಹಾಡುತ್ತವೆ, ಏಕೆಂದರೆ ಅವು ಯುವಜನ ಕೂಟದಲ್ಲಿ ಎಲ್ಲರೂ ಹಾಡಲೆಂದೇ ಹುಟ್ಟಿದವು. ಪೆಟ್ರಾದ ಹೆಚ್ಚಿನ ಹಾಡುಗಳು ಕೇಳಲು ಕಟ್ಟಿದವು, ಆ ತಂಡವೇ ಹಾಡಬೇಕು. ಗಿಟಾರೋ ಹಾರ್ಮೋನಿಯಮ್ಮೋ ಎಂಬ ಜಗಳಕ್ಕಿಂತ ಇದು ಮುಖ್ಯ ಭೇದವೆಂದು ನಾನು ನಂಬಿದ್ದೇನೆ. ತಂಡ ಎದ್ದು ಹೋದ ಮೇಲೆ ಹಾಡು ಸಭೆಯ ಬಾಯಲ್ಲಿ ಉಳಿದರೆ ಅದು ಆರಾಧನೆಯಾಗಿತ್ತು.

ಮೂರನೆಯ ವಿವರಣೆ ದೈವಶಾಸ್ತ್ರದ್ದು: ಪ್ರತಿ ಸೇವೆಗೂ ಒಂದು ಕಾಲವಿದೆ, ಕಾಲ ಮುಗಿದಾಗ ಜಾಗ ಬಿಡುವುದೂ ಸೇವೆ. ಇದನ್ನು ಒಪ್ಪಬಹುದು. ಆದರೆ ಬೀಳ್ಕೊಡುಗೆಯಾಗಿ ಐದು ವರ್ಷಕ್ಕೆ ಪೆಟ್ರಾದ ಹಳೆಯ ಸದಸ್ಯರು ಮತ್ತೆ ವೇದಿಕೆ ಏರಿದರು. ಕೊನೆಯ ಕಛೇರಿ ಎಂದು ಟಿಕೆಟ್ ಕೊಂಡವನಿಗೆ ಇದು ಹೇಗೆ ಕಂಡಿರಬೇಡ? ಯಕ್ಷಗಾನದವರ ರೀತಿ ಇದಕ್ಕಿಂತ ಪ್ರಾಮಾಣಿಕ ಎನಿಸುತ್ತದೆ. ಮೇ ತಿಂಗಳ ಪತ್ತನಾಜೆಯಂದು ಕಡೆಯ ಸೇವೆಯಾಟ ಆಡಿ, ದೇವರ ಮುಂದೆ ಗೆಜ್ಜೆ ಬಿಚ್ಚುತ್ತಾರೆ. ಮಳೆಗಾಲ ಕಳೆದ ಮೇಲೆ ಮತ್ತೆ ಕಟ್ಟುತ್ತಾರೆ. ವಿದಾಯ ಪ್ರತಿ ವರ್ಷ ಇದೆ, ಆದರೆ ಅದು ವ್ಯಕ್ತಿಯದ್ದಲ್ಲ, ತಿರುಗಾಟದ್ದು.

ಕನ್ನಡದ ಆರಾಧನಾ ತಂಡಗಳಿಗೆ ಬೀಳ್ಕೊಡುಗೆಯ ಭಾಗ್ಯವೇ ಇಲ್ಲ. ಕೀಬೋರ್ಡಿನ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಹಾಡುವ ಹುಡುಗಿಗೆ ಮದುವೆಯಾಗುತ್ತದೆ, ಪಾಸ್ಟರಿಗೆ ವರ್ಗವಾಗುತ್ತದೆ. ತಂಡ ಸದ್ದಿಲ್ಲದೆ ಚದುರುತ್ತದೆ.

ಇತ್ಯರ್ಥವಾಗದೆ ಉಳಿದದ್ದು

ದೊಡ್ಡ ಮೈದಾನದ ಉಜ್ಜೀವನ ಕೂಟದಲ್ಲಿ ಬೆಳಕು, ಹೊಗೆ, ಧ್ವನಿಯ ನಡುವೆ ಹುಟ್ಟುವ ಭಕ್ತಿ ಮನೆಗೆ ಹೋದ ಮೇಲೆ ಎಷ್ಟು ದಿನ ಉಳಿಯುತ್ತದೆ? ಎರಡೂ ಪಕ್ಷದವರು ತಮ್ಮ ಅನುಭವವನ್ನೇ ಸಾಕ್ಷಿ ಎನ್ನುತ್ತಾರೆ, ಆದ್ದರಿಂದ ವಾದ ಬಗೆಹರಿಯುತ್ತಿಲ್ಲ. ಹಾಡುವವರಿಗೆ ಸಂಬಳ ಇರಬೇಕೋ ಬೇಡವೋ ಎಂಬುದೂ ಹಾಗೆಯೇ. ಪುಕ್ಕಟೆ ಸೇವೆ ಎಂದರೆ ಉಳ್ಳವರು ಮಾತ್ರ ಹಾಡಬಲ್ಲರು. ಸಂಬಳ ಎಂದರೆ ವೇದಿಕೆ ಉದ್ಯೋಗವಾಗುತ್ತದೆ. ತಮಟೆ ಯಾವಾಗ ಒಳಗೆ ಬಂದೀತು ಎಂಬುದಕ್ಕೆ ಉತ್ತರ ಸಂಗೀತಗಾರರ ಬಳಿ ಇಲ್ಲ, ಸಮಾಜದ ಬಳಿ ಇದೆ.

ಕನ್ನಡದ ಮಟ್ಟಿಗೆ ಇನ್ನೂ ಒಂದು ಗಂಟು. ತಮಿಳು, ತೆಲುಗು, ಇಂಗ್ಲಿಷ್ ಆರಾಧನಾ ಗೀತೆಗಳ ಧಾಟಿಗೆ ಕನ್ನಡ ಪದ ಹಾಕಿ ಹಾಡುವುದು ನಮ್ಮ ಸಭೆಗಳಲ್ಲಿ ವಾಡಿಕೆ. ಮೂಲ ಯಾರದು, ಅನುವಾದ ಯಾರದು ಎಂದು ಪರದೆಯ ಮೇಲೆ ಬರೆಯುವುದು ವಿರಳ. ಕಿಟೆಲ್ಲರ ಕೃತಿಯ ವರ್ಷ ನಮಗೆ ಗೊತ್ತು. ಮೂವತ್ತು ವರ್ಷದ ಹಿಂದೆ ನಮ್ಮದೇ ಊರಿನಲ್ಲಿ ಕಟ್ಟಿದ ಹಾಡಿನ ಕರ್ತೃ ಯಾರೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಹೀಗಿದ್ದರೆ ಕನ್ನಡ ಕ್ರೈಸ್ತ ಸಂಗೀತದ ಚರಿತ್ರೆಯನ್ನು ಮುಂದೆ ಯಾರೂ ಬರೆಯಲಾರರು, ಈ ಚರ್ಚೆಯೂ ಹೊರದೇಶದ ಉದಾಹರಣೆಗಳನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.

ಆದ್ದರಿಂದ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಹಳೆಯ ಹಾಡಿನ ಪುಸ್ತಕ, ಕೈಬರಹದ ಹಾಳೆ, ಕನ್ವೆನ್ಷನ್‌ಗಳಲ್ಲಿ ಕೊಂಡ ಕ್ಯಾಸೆಟ್ ಇದ್ದರೆ ಎಸೆಯಬೇಡಿ. ಹಾಡು ಕಟ್ಟಿದವರ ಹೆಸರು, ಹಾಡಿದ ಊರು, ವರ್ಷ ಅದರ ಮೇಲೆಯೇ ಬರೆದಿಡಿ. ತಿಳಿದ ಹಿರಿಯರು ಇನ್ನೂ ಇದ್ದಾರೆ. ಈ ಭಾನುವಾರವೇ ಅವರನ್ನು ಕೇಳಿ.